ಸಂಯಮಧನ ರಾಜಾಜಿ

ಹೊಸೂರಿಗೆ ಸಮೀಪದ ತೊರಪಳ್ಳಿ ಗ್ರಾಮದ ಮುನಸೀಫರ ಪುತ್ರರಾಗಿ 1878ರ ಡಿಸೆಂಬರ್ 10ರಂದು ಚಕ್ರವರ್ತಿ ರಾಜಗೋಪಾಲಾಚಾರಿಯವರು ಜನಿಸಿದರು. ಹೊಸೂರಿನಲ್ಲಿಯೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿ, ಮದರಾಸಿನಲ್ಲಿ ಕಾನೂನು ಪದವಿ ಪಡೆದು, 1900ರಲ್ಲಿ ಸೇಲಂನಲ್ಲಿ ವಕೀಲಿ ವೃತ್ತಿಯನ್ನು ಕೈಗೊಂಡರು. ಧನ, ಕೀರ್ತಿಗಳೆರಡೂ ಅವರಿಗೆ ಒಲಿದವು.

ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಆ ಸಮೃದ್ಧ ವೃತ್ತಿಯನ್ನೇ ಅವರು ತ್ಯಜಿಸಿದರು. 1921ರ ಡಿಸೆಂಬರಿನಿಂದ ಮೂರು ತಿಂಗಳ ವೆಲ್ಲೂರು ಸೆರೆವಾಸದಲ್ಲಿಯೂ ದಿನಚರಿ ಬರೆಯುವ ನಿಯಮವನ್ನು ಪಾಲಿಸಿದರು. 1925ರಲ್ಲಿ ತಿರುಚೆಂಗೋಡಿನ ಬಳಿಯ ಪುದುಪಾಳ್ಯದಲ್ಲಿ ಗಾಂಧಿ ಆಶ್ರಮವನ್ನು ಸ್ಥಾಪಿಸಿ, ಸಾಮಾನ್ಯ ಮನೆಯೊಂದರಲ್ಲಿ ನೆಲೆಸಿದರು. ಖಾದಿ, ಅಸ್ಪೃಶ್ಯತಾ ನಿವಾರಣೆ, ಪಾನನಿರೋಧಗಳು ಅಲ್ಲಿಯ ನಿತ್ಯಕರ್ಮಗಳಾದವು.

1937ರಲ್ಲಿ ಮದರಾಸು ಪ್ರಾಂತ್ಯದ ಪ್ರಧಾನಿಯಾದೊಡನೆ, ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಮೊದಲು ಪಾನನಿರೋಧವನ್ನು ಜಾರಿಗೊಳಿಸಿದರು. ಹೊಸೂರು, ಕೃಷ್ಣಗಿರಿಗಳು ಆಗ ಆ ಜಿಲ್ಲೆಗೇ ಸೇರಿದ್ದವು. ಬೊಕ್ಕಸಕ್ಕಾದ ನಷ್ಟವನ್ನು ತುಂಬಲು 1939ರಲ್ಲಿ ಮಾರಾಟ ತೆರಿಗೆಯನ್ನು ವಿಧಿಸಿ ಟೀಕೆಗೂ ಗುರಿಯಾದರು; ಹಿಂಜರಿಯಲಿಲ್ಲ.

1948ರಲ್ಲಿ ಭಾರತದ ಗವರ್ನರ್ ಜನರಲ್ ಆದಾಗಲೂ ಅವರ ಖಾದಿಯುಡುಗೆ, ಸಸ್ಯಾಹಾರ, ಸರಳತೆಗಳು ಬದಲಾಗಲಿಲ್ಲ. 1954ರಲ್ಲಿ ಭಾರತರತ್ನ ಸಂದಿತು. ಆದರೆ 1971ರಲ್ಲಿ ತಮಿಳುನಾಡು ಪಾನನಿರೋಧವನ್ನು ಸಡಿಲಿಸಿದುದನ್ನು ತೊಂಬತ್ತೆರಡರ ವಯಸ್ಸಿನಲ್ಲಿ ಕಾಣುವ ನೋವೂ ಅವರ ಪಾಲಿಗೆ ಬಂದಿತು. 1972ರ ಡಿಸೆಂಬರ್ 25ರಂದು ಅವರು ದಿವಂಗತರಾದರು.

ಶಾಸನಗಳನ್ನು ಒಂದು ಸರ್ಕಾರ ಮಾಡಬಹುದು, ಮತ್ತೊಂದು ಅಳಿಸಬಹುದು. ದಿನದಿನವೂ ಆಚರಿಸಿ ತನ್ನದಾಗಿಸಿಕೊಂಡ ಸಂಯಮವನ್ನು ಯಾರೂ ಕಸಿಯಲಾರರು. ತೊರಪಳ್ಳಿಯಲ್ಲಿ ಇಂದು ಸ್ಮಾರಕವಾಗಿರುವ ಆ ಪುಟ್ಟ ಮನೆ ಸಾರುವುದು ಇದನ್ನೇ.