ಮೈಲೇಜ್ ಹುಚ್ಚಿನ ಮೊದಲಿಗ

ಹಳೇ ಡೀಸೆಲ್ ಪಿಕಪ್ ಇಟ್ಟುಕೊಂಡ ಯಾರನ್ನೇ ಮಾತಾಡಿಸಿ, ಮೊದಲ ದೂರು ಮೈಲೇಜ್‌ದೇ. ಮುಂಚೆ ಚೆನ್ನಾಗಿ ಕೊಡ್ತಿತ್ತು, ಈಗ ಬರೀ ಕುಡಿಯುತ್ತೆ ಅಂತಾರೆ. ತಿಂಗಳಿಗೆ 2,000 ಕಿಲೋಮೀಟರ್ ಓಡುವ ಗಾಡಿಯ ಮೈಲೇಜ್ 12ರಿಂದ 10ಕ್ಕೆ ಇಳಿದರೆ 33 ಲೀಟರ್ ಹೆಚ್ಚು ಬೇಕು. ಬಾಡಿಗೆ ನಂಬಿದವರಿಗೆ ಇದು ಸಣ್ಣ ಲೆಕ್ಕವಲ್ಲ. ಟ್ಯಾಂಕಿಗೆ ಒಂದು ಬಾಟಲಿ ಸುರಿದರೆ ಮೈಲೇಜ್ ಏರುತ್ತೆ ಎನ್ನುವ ಜಾಹೀರಾತಿಗೆ ಗಿರಾಕಿ ಸಿಗುವುದೂ ಇಲ್ಲೇ. ಎಂಜಿನಿಯರಿಂಗ್ ಓದಿದವನು ಅಂತ ನನ್ನನ್ನೂ ಕೇಳ್ತಾರೆ. ಆಗೆಲ್ಲ ನನಗೆ ನೆನಪಾಗುವುದು ಆ ಇಂಧನಕ್ಕೆ ಹೆಸರು ಕೊಟ್ಟ ಮನುಷ್ಯ, ರುಡಾಲ್ಫ್ ಡೀಸೆಲ್.

ಆತ ಹುಟ್ಟಿದ್ದು 1858ರಲ್ಲಿ ಪ್ಯಾರಿಸ್‌ನಲ್ಲಿ, ಜರ್ಮನ್ ದಂಪತಿಯ ಮಗನಾಗಿ. 1870ರಲ್ಲಿ ಫ್ರಾನ್ಸ್ ಮತ್ತು ಪ್ರಶ್ಯಾ ನಡುವೆ ಯುದ್ಧ ಶುರುವಾದಾಗ ಕುಟುಂಬ ಲಂಡನ್ನಿಗೆ ಓಡಬೇಕಾಯಿತು. ಅಲ್ಲಿಂದ 12ರ ಹುಡುಗನನ್ನು ಓದಲು ಆಗ್ಸ್‌ಬರ್ಗ್‌ನ ನೆಂಟರ ಮನೆಗೆ ಕಳಿಸಿದರು. ಮುಂದೆ ಮ್ಯೂನಿಕ್‌ನಲ್ಲಿ ಕಾರ್ಲ್ ಫಾನ್ ಲಿಂಡೆ ಅವರ ತರಗತಿಯಲ್ಲಿ ಒಂದು ವಿಷಯ ಆತನ ತಲೆ ಹೊಕ್ಕಿತು: ಉಗಿಯಂತ್ರ ಸುಡುವ ಕಲ್ಲಿದ್ದಲಿನ ಶಾಖದಲ್ಲಿ ಕೆಲಸವಾಗಿ ಬದಲಾಗುವುದು ನೂರಕ್ಕೆ ಹತ್ತರಷ್ಟು ಮಾತ್ರ. ಉಳಿದದ್ದೆಲ್ಲ ದಂಡ. ಈ ದಂಡವನ್ನು ತಪ್ಪಿಸುವುದೇ ಆತನ ಬದುಕಾಯಿತು.

ಉಪಾಯ ಸರಳವಾಗಿತ್ತು. ಸಿಲಿಂಡರಿನಲ್ಲಿ ಬರೀ ಗಾಳಿಯನ್ನು ವಿಪರೀತ ಒತ್ತಬೇಕು. ಒತ್ತಿದ ಗಾಳಿ ಕಾಯುತ್ತದೆ. ಆಗ ಇಂಧನ ಬಿಟ್ಟರೆ ಕಿಡಿಯಿಲ್ಲದೆ ತಾನೇ ಹೊತ್ತಿಕೊಳ್ಳುತ್ತದೆ. 1892ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಕಾಗದದ ಮೇಲಿನ ಲೆಕ್ಕ ನೂರಕ್ಕೆ 70ಕ್ಕೂ ಹೆಚ್ಚು ದಕ್ಷತೆ ತೋರಿಸುತ್ತಿತ್ತು.

ಕಾರ್ಖಾನೆ ಬೇರೆಯೇ ಪಾಠ ಹೇಳಿತು. 1893ರಲ್ಲಿ ಆಗ್ಸ್‌ಬರ್ಗ್‌ನ ಮೊದಲ ಪರೀಕ್ಷೆಯಲ್ಲೇ ಒತ್ತಡ ಅಳೆಯುವ ಉಪಕರಣ ಸಿಡಿದುಹೋಯಿತು. ಮುಂದಿನ ವರ್ಷ ಎಂಜಿನ್ ತಾನಾಗಿ ಓಡಿದ್ದು ಸುಮಾರು ಒಂದೇ ನಿಮಿಷ. ಒತ್ತಡ ಸೋರದಂತೆ ಹಿಡಿಯುವುದು, ಇಂಧನವನ್ನು ಸರಿಯಾಗಿ ಸಿಂಪಡಿಸುವುದು, ಈ ಎರಡಕ್ಕೇ ವರ್ಷಗಳು ಹೋದವು. ಕೊನೆಗೆ 1897ರ ಫೆಬ್ರವರಿಯಲ್ಲಿ ಪ್ರೊಫೆಸರ್ ಮೋರಿಟ್ಸ್ ಶ್ರೋಟರ್ ಅಳೆದಾಗ ಸಿಕ್ಕಿದ್ದು ನೂರಕ್ಕೆ 26. ಕನಸಿನ ಅರ್ಧವೂ ಅಲ್ಲ. ಆದರೂ ಉಗಿಯಂತ್ರಗಳನ್ನು ಬಹಳ ಹಿಂದೆ ಹಾಕಿತ್ತು.

ಆತ ಎಡವಿದ್ದು ಆಮೇಲೆ. ಪರವಾನಗಿಗಳು ಮಾರಾಟವಾಗಿ ದುಡ್ಡು ಹರಿದು ಬಂತು. ಆದರೆ ಪೂರ್ತಿ ಪಳಗದ ಎಂಜಿನ್‌ಗಳು ಗಿರಾಕಿಗಳ ಬಳಿ ಕೆಟ್ಟು ನಿಂತವು. ಆರೋಗ್ಯ ಕುಸಿಯಿತು. ಗಳಿಸಿದ್ದು ಜಮೀನು, ತೈಲಬಾವಿ ವ್ಯವಹಾರಗಳಲ್ಲಿ ಕರಗಿತು. 1913ರ ಸೆಪ್ಟೆಂಬರ್ 29ರ ರಾತ್ರಿ, ಆಂಟ್‌ವರ್ಪ್‌ನಿಂದ ಇಂಗ್ಲೆಂಡಿಗೆ ಹೊರಟಿದ್ದ ಡ್ರೆಸ್ಡೆನ್ ಹಡಗಿನಿಂದ ಆತ ಕಾಣೆಯಾದ. ಬೆಳಿಗ್ಗೆ ನೋಡಿದರೆ ಹಾಸಿಗೆಯಲ್ಲಿ ಮಲಗಿದ ಗುರುತೇ ಇಲ್ಲ. ಕೆಲವು ದಿನಗಳ ನಂತರ ಸಮುದ್ರದಲ್ಲಿ ಹೆಣ ಸಿಕ್ಕಿತು. ಹೋದಮೇಲೆ ಹೊರಬಿದ್ದದ್ದು ಸಾಲದ ರಾಶಿ. ಆತನ ಎಂಜಿನ್ ಲಾರಿ ಹೊಕ್ಕಿದ್ದು 1920ರ ದಶಕದಲ್ಲಿ. ಅದನ್ನು ನೋಡಲು ಆತ ಇರಲಿಲ್ಲ.

ನಮ್ಮ ಹಳೇ ಪಿಕಪ್‌ನ ಒಳಗೂ ನಡೆಯುತ್ತಿರುವುದು ಅದೇ ಜಗಳ. ಗಾಳಿ, ಒತ್ತಡ, ಸಿಂಪಡಣೆ. ಏರ್ ಫಿಲ್ಟರ್ ಕಟ್ಟಿದರೆ ಗಾಳಿ ಸಾಲದು. ಪಿಸ್ಟನ್ ರಿಂಗ್ ಸವೆದರೆ ಒತ್ತಡ ಸೋರುತ್ತದೆ. ನಾಝಲ್ ಕೆಟ್ಟರೆ ಡೀಸೆಲ್ ಹೊಗೆಯಾಗಿ ಹೋಗುತ್ತದೆ. ಸವೆದ ರಿಂಗನ್ನು ಯಾವ ಬಾಟಲಿಯೂ ಮತ್ತೆ ಬೆಳೆಸುವುದಿಲ್ಲ. ಟೈರಿನ ಗಾಳಿ, ಹಿಡಿದುಕೊಂಡ ಬ್ರೇಕ್ ಇವನ್ನೂ ನೋಡಿಸಿ. ಟ್ಯಾಂಕ್ ಫುಲ್ ಮಾಡಿಸಿ ಓಡಿಸಿ, ಮತ್ತೆ ಫುಲ್ ಮಾಡಿಸಿ, ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರ್‌ನಿಂದ ಭಾಗಿಸಿ. ರಿಪೇರಿಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ.

ಡೀಸೆಲ್‌ಗೆ ಹೆಸರು ತಂದದ್ದು 70ರ ಭರವಸೆಯಲ್ಲ, ಅಳೆದು ಸಿಕ್ಕ 26. ಬಾಟಲಿ ಕೊಳ್ಳುವ ಮುಂಚೆ ಇಷ್ಟು ನೆನಪಿದ್ದರೆ ಸಾಕು.