ಲಿಯೋ ಸಿಲಾರ್ಡ್: ಒಂದು ಪತ್ರ, ಒಂದು ಮನವಿ

ಬುಡಾಪೆಸ್ಟ್‌ನಲ್ಲಿ 1898ರಲ್ಲಿ ಜನಿಸಿದ ಭೌತವಿಜ್ಞಾನಿ ಲಿಯೋ ಸಿಲಾರ್ಡ್, ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ಜರ್ಮನಿ ತೊರೆದರು. ಅದೇ ವರ್ಷ ಲಂಡನ್‌ನಲ್ಲಿ ಅವರಿಗೆ ನ್ಯೂಟ್ರಾನ್ ಸರಪಳಿ ಕ್ರಿಯೆಯ ವಿಚಾರ ಹೊಳೆಯಿತು. ಜರ್ಮನಿಯೇ ಮೊದಲು ಬಾಂಬ್ ತಯಾರಿಸೀತೆಂಬ ಭಯದಿಂದ 1939ರಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್‌ಗೆ ಪತ್ರ ಸಿದ್ಧಪಡಿಸಿ, ಅದಕ್ಕೆ ಐನ್‌ಸ್ಟೈನ್ ಅವರ ಸಹಿ ಹಾಕಿಸಿದರು.

1945ರ ಮೇ ತಿಂಗಳಲ್ಲಿ ಜರ್ಮನಿ ಶರಣಾಯಿತು. ಆ ಭಯವೂ ಹೋಯಿತು. ಶರಣಾಗಲು ಅವಕಾಶ ಕೊಡದೆ ಜಪಾನ್ ಮೇಲೆ ಬಾಂಬ್ ಹಾಕಬಾರದೆಂದು ಸಿಲಾರ್ಡ್ ಜುಲೈನಲ್ಲಿ ಮನವಿ ಬರೆದರು. ಸುಮಾರು 70 ವಿಜ್ಞಾನಿಗಳು ಸಹಿ ಹಾಕಿದರು. ಮನವಿ ಅಧ್ಯಕ್ಷ ಟ್ರೂಮನ್‌ರನ್ನು ತಲುಪುವ ಮೊದಲೇ ಆಗಸ್ಟ್ 6ರಂದು ಹಿರೋಷಿಮಾ, 9ರಂದು ನಾಗಸಾಕಿ ನಾಶವಾದವು. ಯುದ್ಧ ಮುಗಿಯಿತು, ಅಣ್ವಸ್ತ್ರ ಪೈಪೋಟಿ ಶುರುವಾಯಿತು.

ಮುಂದೆ ಜೀವವಿಜ್ಞಾನಕ್ಕೆ ಹೊರಳಿದ ಸಿಲಾರ್ಡ್, 1964ರಲ್ಲಿ ತೀರಿಕೊಳ್ಳುವವರೆಗೂ ಅಣ್ವಸ್ತ್ರ ನಿಯಂತ್ರಣಕ್ಕಾಗಿ ದುಡಿದರು. ಸರಪಳಿ ಕ್ರಿಯೆಯ ಪಾಠದಲ್ಲಿ ಈ ಮನವಿಗೂ ಐದು ನಿಮಿಷ ಸಲ್ಲಬೇಕು.