ಗಳಿಕೆಯೊಳಗಿನ ಹೊಣೆ: ಜಮ್‌ಶೆಟ್‌ಜಿ ಟಾಟಾ

ಧನವನ್ನು ಗಳಿಸಿದವರು ಲೋಕದಲ್ಲಿ ಬಹುಮಂದಿ. ಗಳಿಸಿದುದರಲ್ಲಿ ಒಂದಂಶವನ್ನು ಸತ್ಕಾರ್ಯಕ್ಕೆ ವಿನಿಯೋಗಿಸಿದವರೂ ಕಡಿಮೆಯಿಲ್ಲ. ಆದರೆ ಗಳಿಸುವ ಕ್ರಮದಲ್ಲಿಯೇ ಸಮಾಜದ ಹಿತವನ್ನು ಅರಸಿದವರು ವಿರಳ. ಅಂಥ ವಿರಳರ ಪಂಕ್ತಿಯಲ್ಲಿ ಜಮ್‌ಶೆಟ್‌ಜಿ ನಸರ್‌ವಾನ್‌ಜಿ ಟಾಟಾ ಅವರಿಗೆ ಗೌರವದ ಸ್ಥಾನವಿದೆ. ಉದ್ಯಮಕ್ಕೂ ಅದು ನೆಲೆನಿಂತ ಸಮಾಜಕ್ಕೂ ಇರಬೇಕಾದ ಸಂಬಂಧವೇನೆಂಬ ಪ್ರಶ್ನೆಗೆ ಅವರ ಬಾಳು ಒಂದು ಉತ್ತರವಾಗಿದೆ.

ಗುಜರಾತಿನ ನವಸಾರಿಯ ಪಾರ್ಸಿ ಪುರೋಹಿತ ಮನೆತನವೊಂದರಲ್ಲಿ 1839ರ ಮಾರ್ಚ್ 3ರಂದು ಅವರು ಜನಿಸಿದರು. ತಂದೆ ನಸರ್‌ವಾನ್‌ಜಿಯವರು ಕುಲವೃತ್ತಿಯನ್ನು ಬಿಟ್ಟು ಮುಂಬಯಿಯಲ್ಲಿ ವ್ಯಾಪಾರಕ್ಕೆ ಇಳಿದಿದ್ದರು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿ ಮಗನೂ ಅದೇ ವ್ಯಾಪಾರವನ್ನು ಸೇರಿದರು. ಅಂದಿನ ಮುಂಬಯಿಯ ಅನೇಕ ವರ್ತಕರಂತೆ ಈ ಮನೆತನವೂ ಚೀನದೊಡನೆ ಹತ್ತಿಯ ಜೊತೆಗೆ ಅಫೀಮಿನ ವಹಿವಾಟನ್ನೂ ನಡೆಸಿತ್ತು. ಚರಿತ್ರೆಯನ್ನು ಬರೆಯುವವರು ಇದನ್ನು ಮರೆಮಾಚಬೇಕಾಗಿಲ್ಲ. 1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿದು ಹತ್ತಿಯ ಬೆಲೆ ಕುಸಿದಾಗ ಮನೆತನವು ದಿವಾಳಿಯ ಅಂಚಿಗೆ ಬಂದಿತು. ಆಗ ಲಂಡನ್ನಿನಲ್ಲಿದ್ದ ಜಮ್‌ಶೆಟ್‌ಜಿಯವರು ಸಾಲಗಾರರಿಂದ ಮುಖ ಮರೆಸಿಕೊಳ್ಳಲಿಲ್ಲ; ಸಾಲ ಕೊಟ್ಟವರ ಮುಂದೆ ಲೆಕ್ಕವನ್ನೆಲ್ಲ ಬಿಚ್ಚಿಟ್ಟರು. ಮಾತಿಗೆ ಬೆಲೆಯಿಲ್ಲದ ವ್ಯಾಪಾರ ನಿಲ್ಲದೆಂಬ ಪಾಠವನ್ನು ಅವರು ಕಲಿತದ್ದು ಹೀಗೆ, ನಷ್ಟದ ನಡುವೆ.

1868ರಲ್ಲಿ 21,000 ರೂಪಾಯಿಗಳ ಬಂಡವಾಳದಿಂದ ಅವರು ಸ್ವಂತ ವ್ಯಾಪಾರ ಸಂಸ್ಥೆಯನ್ನು ಆರಂಭಿಸಿದರು. ಹತ್ತಿಗಿರಣಿಗಳೆಲ್ಲ ಮುಂಬಯಿಯ ಸುತ್ತಲೇ ಏಳುತ್ತಿದ್ದ ಕಾಲದಲ್ಲಿ ಅವರು ಹತ್ತಿ ಬೆಳೆಯುವ ಸೀಮೆಗೆ ಹತ್ತಿರವಾದ ನಾಗಪುರವನ್ನು ಆರಿಸಿಕೊಂಡರು. ಅಲ್ಲಿ ಎಂಪ್ರೆಸ್ ಗಿರಣಿಯು 1877ರ ಜನವರಿ 1ರಂದು ಪ್ರಾರಂಭವಾಯಿತು.

ಗಿರಣಿಯ ಕೆಲಸ ಅಲ್ಲಿನ ಜನಕ್ಕೆ ಹೊಸದು. ಕೂಲಿಕಾರರು ಮನಬಂದಂತೆ ಗೈರುಹಾಜರಾಗುತ್ತಿದ್ದರು. ದಂಡ ಹಾಕುವುದು, ಕೆಲಸದಿಂದ ತೆಗೆಯುವುದು ಅಂದಿನ ಮಾಲೀಕರಿಗೆ ಸಹಜವಾಗಿ ತೋರುತ್ತಿದ್ದ ಮಾರ್ಗಗಳು. ಜಮ್‌ಶೆಟ್‌ಜಿಯವರು ಬೇರೆ ಮಾರ್ಗವನ್ನು ಹಿಡಿದರು. ದುಡಿದ ಮನುಷ್ಯನಿಗೆ ನಾಳಿನ ಭರವಸೆಯಿದ್ದರೆ ಅವನು ಇಂದು ಕೆಲಸಕ್ಕೆ ಬಂದೇ ಬರುವನೆಂಬುದು ಅವರ ಎಣಿಕೆ. ಗಿರಣಿಯೊಳಗಿನ ಗಾಳಿಯನ್ನು ಸಹ್ಯಗೊಳಿಸುವ ಯಂತ್ರಗಳನ್ನೂ ಬೆಂಕಿಯನ್ನು ನಂದಿಸುವ ನೀರಿನ ವ್ಯವಸ್ಥೆಯನ್ನೂ ಅವರು ಅಳವಡಿಸಿದರು. 1886ರಲ್ಲಿ ನಿವೃತ್ತಿವೇತನದ ನಿಧಿಯೂ, 1895ರಲ್ಲಿ ಅಪಘಾತಕ್ಕೀಡಾದವರಿಗೆ ಪರಿಹಾರವೂ ಏರ್ಪಟ್ಟವು. ಕೆಲಸಗಾರರ ನಷ್ಟಪರಿಹಾರ ಕಾಯಿದೆಯು ಈ ದೇಶದಲ್ಲಿ ಬಂದದ್ದು 1923ರಲ್ಲಿ. ನೌಕರರ ಭವಿಷ್ಯನಿಧಿ ಕಾಯಿದೆ 1952ರದು. ಕಾನೂನು ಒತ್ತಾಯಿಸುವ ಎಷ್ಟೋ ಮೊದಲೇ ಹೊಣೆಯನ್ನು ಹೊತ್ತುದು ಅವರ ಹಿರಿಮೆ. ಇದರಿಂದ ಗಿರಣಿಗೂ ಲಾಭವಾಯಿತೆಂಬುದು ಅವರ ಸಾಧನೆಯನ್ನು ಕುಂದಿಸುವುದಿಲ್ಲ. ದುಡಿಯುವವರ ಹಿತವೂ ದುಡಿಸುವವರ ಹಿತವೂ ಒಂದೇ ನೇಗಿಲ ಎರಡು ಎತ್ತುಗಳೆಂಬುದನ್ನು ಅದು ಸ್ಪಷ್ಟಪಡಿಸುತ್ತದೆ.

ಅವರ ದೃಷ್ಟಿ ಗಿರಣಿಯ ಗೋಡೆಗಳಾಚೆಗೂ ಹರಿಯಿತು. 1892ರಲ್ಲಿ ಅವರು ವಿದೇಶಗಳಲ್ಲಿ ಉನ್ನತ ವ್ಯಾಸಂಗ ಮಾಡುವವರಿಗಾಗಿ ನಿಧಿಯೊಂದನ್ನು ಸ್ಥಾಪಿಸಿದರು. ಅದರ ನೆರವು ಸಾಲದ ರೂಪದ್ದು. ಓದಿ ನೆಲೆಗೊಂಡವನು ಹಣವನ್ನು ಹಿಂದಿರುಗಿಸಿದರೆ ಅದು ಮುಂದಿನ ವಿದ್ಯಾರ್ಥಿಗೆ ದಾರಿಯಾಗುತ್ತಿತ್ತು. ಪಡೆದವನ ಸ್ವಾಭಿಮಾನವೂ ಉಳಿಯುತ್ತಿತ್ತು. 1898ರಲ್ಲಿ ವಿಜ್ಞಾನ ಸಂಶೋಧನೆಯ ವಿದ್ಯಾಪೀಠಕ್ಕಾಗಿ ಸುಮಾರು 30 ಲಕ್ಷ ರೂಪಾಯಿ ಬೆಲೆಬಾಳುವ ಮುಂಬಯಿಯ ಆಸ್ತಿಗಳನ್ನು ಅವರು ಮೀಸಲಿಟ್ಟರು. ಸರ್ಕಾರದ ಸಂಶಯಗಳಿಂದ ಯೋಜನೆ ವರ್ಷಗಟ್ಟಲೆ ಕುಂಟಿತು. ಸರ್ ವಿಲಿಯಂ ರಾಮ್ಸೆಯವರು ಬೆಂಗಳೂರನ್ನು ಸೂಚಿಸಿದರು. ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನು ನೀಡಿತು. 1909ರಲ್ಲಿ ಸ್ಥಾಪನೆಗೊಂಡು 1911ರಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿಕೊಂಡ ಆ ಭಾರತೀಯ ವಿಜ್ಞಾನ ಮಂದಿರವು ಕನ್ನಡನಾಡಿನ ಹೆಮ್ಮೆಯಾಗಿದೆ. ಜಪಾನೀ ಪದ್ಧತಿಯ ರೇಷ್ಮೆ ಕೃಷಿಯನ್ನು ಮೈಸೂರು ಸೀಮೆಗೆ ತರಲು ಬೆಂಗಳೂರಿನಲ್ಲಿ ಅವರು ತೆರೆದ ಪ್ರಯೋಗಕ್ಷೇತ್ರದ ನೆನಪು ಟಾಟಾ ಸಿಲ್ಕ್ ಫಾರ್ಮ್ ಎಂಬ ಬಡಾವಣೆಯ ಹೆಸರಿನಲ್ಲಿ ಉಳಿದಿದೆ.

ಉಕ್ಕಿನ ಕಾರ್ಖಾನೆ ಅವರ ಕೊನೆಯ ಕನಸು. ಸ್ಥಳವಿನ್ನೂ ನಿಶ್ಚಯವಾಗದಿದ್ದ 1902ರಲ್ಲಿಯೇ ಅವರು ಮಗ ದೊರಾಬ್‌ಜಿಗೆ ಪತ್ರ ಬರೆದು, ಅಲ್ಲಿ ಏಳಬೇಕಾದ ಊರಿಗೆ ವಿಶಾಲವಾದ ಬೀದಿಗಳು, ಬೇಗ ಬೆಳೆಯುವ ನೆರಳಿನ ಮರಗಳು, ಆಟದ ಬಯಲುಗಳು, ಉದ್ಯಾನಗಳು, ಎಲ್ಲ ಧರ್ಮಗಳ ಆರಾಧನಾ ಸ್ಥಳಗಳು ಇರಬೇಕೆಂದು ಸೂಚಿಸಿದರು. ಕುಲುಮೆಗಿಂತ ಮೊದಲು ಕುಲುಮೆಯ ಮುಂದೆ ಬೇಯುವವರ ನೆರಳನ್ನು ಕುರಿತು ಚಿಂತಿಸಿದ ದೂರದೃಷ್ಟಿ ಅದು. ಆ ಊರನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. 1904ರ ಮೇ 19ರಂದು ಜರ್ಮನಿಯ ಬಾಡ್ ನೌಹೈಮ್‌ನಲ್ಲಿ ಅವರು ತೀರಿಕೊಂಡರು. ಸಾಕ್ಚಿ ಎಂಬಲ್ಲಿ ಕಾರ್ಖಾನೆ ಎದ್ದು, 1912ರಲ್ಲಿ ಉಕ್ಕು ಹೊರಬಂದಿತು. ಅದೇ ವರ್ಷ ದಿನಕ್ಕೆ ಎಂಟು ಗಂಟೆಗಳ ದುಡಿಮೆಯ ನಿಯಮವೂ ಬಂದಿತು. 1919ರಲ್ಲಿ ಊರಿಗೆ ಜಮ್‌ಶೆಡ್‌ಪುರವೆಂಬ ಹೆಸರಾಯಿತು. ಹಾಗೆಂದು ಅಲ್ಲಿ ಎಲ್ಲವೂ ಸುಗಮವಾಗಿರಲಿಲ್ಲ. 1920 ಮತ್ತು 1928ರಲ್ಲಿ ಕಾರ್ಮಿಕರು ದೊಡ್ಡ ಮುಷ್ಕರಗಳನ್ನು ಹೂಡಿದರು. ಸ್ಥಾಪಕರ ಸದಾಶಯವೊಂದೇ ಸಾಲದು, ಪ್ರತಿ ತಲೆಮಾರೂ ಆ ಹೊಣೆಯನ್ನು ಹೊಸದಾಗಿ ಹೊರಬೇಕು ಎಂಬುದಕ್ಕೆ ಈ ಘಟನೆಗಳೇ ಸಾಕ್ಷಿ.

2013ರ ಕಂಪನಿ ಕಾಯಿದೆಯ ಪ್ರಕಾರ, ನಿರ್ದಿಷ್ಟ ಮಟ್ಟವನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡ 2ರಷ್ಟನ್ನಾದರೂ ಸಮಾಜಕಾರ್ಯಕ್ಕೆ ವೆಚ್ಚ ಮಾಡತಕ್ಕದ್ದು. ಶಾಲೆ, ಆಸ್ಪತ್ರೆ, ಕುಡಿಯುವ ನೀರು ಮೊದಲಾದವುಗಳಿಗೆ ಇದರಿಂದ ಹಣ ಹರಿದುಬರುತ್ತಿರುವುದು ಸಂತೋಷದ ಸಂಗತಿ. ಆದರೆ ಕಂಪನಿಯ ಸ್ವಂತ ನೌಕರರ ಹಿತಕ್ಕಾಗಿ ಮಾಡಿದ ವೆಚ್ಚ ಈ ಲೆಕ್ಕಕ್ಕೆ ಸೇರುವುದಿಲ್ಲ. ಜಮ್‌ಶೆಟ್‌ಜಿಯವರು ಹೊಣೆಯನ್ನು ಆರಂಭಿಸಿದ್ದು ಗಿರಣಿಯ ಬಾಗಿಲೊಳಗಿನಿಂದಲೇ. ಬಾಗಿಲಾಚೆಯ ದಾನ ಅದರ ಮುಂದುವರಿಕೆಯಾಗಿತ್ತು. ಒಳಗಿನವನಿಗೆ ನ್ಯಾಯವಿಲ್ಲದೆ ಹೊರಗಿನವನಿಗೆ ಕೊಟ್ಟ ಉದಾರ ಕೊಡುಗೆ ಅಡಿಪಾಯವಿಲ್ಲದ ಗೋಪುರದಂತೆ.

ಜಮ್‌ಶೆಟ್‌ಜಿಯವರು ವಿಜ್ಞಾನ ಮಂದಿರವನ್ನೂ ಕಾಣಲಿಲ್ಲ, ಉಕ್ಕಿನ ಊರನ್ನೂ ಕಾಣಲಿಲ್ಲ. ಫಲವನ್ನು ತಾನು ಉಣ್ಣುವೆನೆಂಬ ಆಸೆಯಿಲ್ಲದೆ ನೆಟ್ಟ ಗಿಡಗಳು ಅವು. ಕೊಡುವ ಕೈಗಳೂ ಕಲಿಸುವ ಕೈಗಳೂ ನೆನೆಯಬೇಕಾದ ಬಾಳು ಇದು.